ಕಂಬಿಯಾಚೆಯ ಕಟುಕ

‘ಡಯಾಬ್ಲೊ’ ಎಂಬ ಕಂಪ್ಯೂಟರ್ ಆಟದಲ್ಲಿ ಟ್ರಿಸ್ಟ್ರಮ್ ಊರಿನ ಹಾಳುಬಿದ್ದ ಚರ್ಚಿನ ಮುಂದೆ ಒಬ್ಬ ಸಾಯುತ್ತ ಬಿದ್ದಿರುತ್ತಾನೆ. ಅವನನ್ನು ಮಾತಾಡಿಸಿ. ಚರ್ಚಿನ ಕೆಳಗಿನ ನೆಲಮಾಳಿಗೆಯ ಎರಡನೇ ಅಂತಸ್ತಿನ ಕಟುಕನ ಸುದ್ದಿ ಹೇಳುವವನು ಅವನೇ. 1997ರ ಹೊಸ್ತಿಲಲ್ಲಿ ಬಂದ ಈ ಆಟವನ್ನು ಹೊಸದಾಗಿ ಆಡಲು ಕೂತವರ ಮೊದಲ ಸಂಜೆ ಸಾಮಾನ್ಯವಾಗಿ ಮುಗಿಯುವುದು ಈ ಕಟುಕನ ಕೈಯಲ್ಲಿ. ಒಬ್ಬರೇ ಆಡುವಾಗ ಕ್ವೆಸ್ಟ್‌ಗಳನ್ನು, ಅಂದರೆ ಆಟಗಾರನಿಗೆ ಒಪ್ಪಿಸುವ ಕೆಲಸಗಳನ್ನು, ಆಟ ಚೀಟಿ ಎತ್ತಿದ ಹಾಗೆ ಆರಿಸುವುದರಿಂದ ಪ್ರತಿ ಸಲವೂ ಅವನು ಸಿಗುವುದಿಲ್ಲ. ಸಿಕ್ಕ ಸಂಜೆಯನ್ನು ಹೇಗೆ ದಾಟಬೇಕು ಎಂಬುದಷ್ಟೇ ಇಲ್ಲಿನ ವಿಷಯ.

ಮೊದಲು ಆಟ ತೆರೆದುಕೊಳ್ಳಬೇಕಲ್ಲ. ಹಳೆಯ ಸಿ.ಡಿ.ಯನ್ನು ಇಂದಿನ ವಿಂಡೋಸ್‌ನಲ್ಲಿ ಹಾಗೇ ಹಾಕಿದರೆ 256 ಬಣ್ಣಗಳ ಲೆಕ್ಕ ತಪ್ಪಿ ಪರದೆ ಹೋಳಿಯಾಡಿದಂತೆ ಕಾಣಬಹುದು. ಡೆವಿಲ್ಯೂಷನ್‌ಎಕ್ಸ್ ಎಂಬ ಮುಕ್ತ ತಂತ್ರಾಂಶ ಹಾಕಿಕೊಂಡು, ಸಿ.ಡಿ.ಯಲ್ಲಿರುವ ಸುಮಾರು 500 ಎಂ.ಬಿ.ಯ ಡಯಾಬ್‌ಡ್ಯಾಟ್ (DIABDAT.MPQ) ಕಡತವನ್ನು ಅದರ ಫೋಲ್ಡರಿಗೆ ನಕಲು ಮಾಡಿದರೆ ಆ ತೊಂದರೆ ಇಲ್ಲ. ಲಿನಕ್ಸ್‌ನಲ್ಲಿ ಕಡತದ ಹೆಸರು ಪೂರ್ತಿ ಸಣ್ಣಕ್ಷರದಲ್ಲಿರಲಿ, ಇಲ್ಲದಿದ್ದರೆ ಕಡತ ಎದುರಿಗಿದ್ದರೂ ಆಟಕ್ಕೆ ಕಾಣದೆ ಹೋಗಬಹುದು. ಸಿ.ಡಿ. ಇಲ್ಲದವರಿಗೆ ಸ್ಪಾನ್ ಎಂಬ ಉಚಿತ ಮಾದರಿ ಕಡತ ಸಾಕು. ಅದರಲ್ಲಿ ಆಡಲು ಸಿಗುವ ಪಾತ್ರ ಯೋಧ ಒಬ್ಬನೇ, ಅಂತಸ್ತು ಎರಡೇ. ಕಟುಕನಿಗೆ ಅಷ್ಟೇ ಬೇಕಾದದ್ದು.

ಯೋಧ ಹೊರಡುವಾಗ ಅವನ ಬಳಿ ಇರುವುದು 70 ಜೀವ, ಒಂದು ಚಿಕ್ಕ ಕತ್ತಿ, ಗುರಾಣಿ, ದೊಣ್ಣೆ, ಎರಡು ಬಾಟಲಿ ಔಷಧ, 100 ಚಿನ್ನ. ದೊಣ್ಣೆ ಕಂಡು ಮೂಗು ಮುರಿಯಬೇಡಿ. ಅಸ್ಥಿಪಂಜರ, ನಡೆದಾಡುವ ಹೆಣ ಇಂಥವುಗಳ ಮೇಲೆ ಕತ್ತಿಯ ಏಟು ಅರ್ಧಕ್ಕಿಳಿಯುತ್ತದೆ, ದೊಣ್ಣೆಯ ಏಟು ಒಂದೂವರೆ ಪಟ್ಟಾಗುತ್ತದೆ. ಮೃಗಗಳಿಗೆ ಇದು ತಿರುವುಮುರುವು. ಆ 100 ಚಿನ್ನವನ್ನು ಕಳೆಯಬೇಡಿ. ಕಮ್ಮಾರ ಗ್ರಿಸ್‌ವೋಲ್ಡ್‌ನ ಅಂಗಡಿಯಲ್ಲಿ ಚಿಕ್ಕ ಬಿಲ್ಲು ಇದ್ದರೆ ಅದರ ಬೆಲೆ ಸರಿಯಾಗಿ ಅಷ್ಟೇ. ಅಂಗಡಿಯ ಸರಕು ಬದಲಾಗುತ್ತಿರುವುದರಿಂದ ಇಂದಿಲ್ಲದಿದ್ದರೆ ಒಂದು ಸುತ್ತು ಹೋಗಿ ಬಂದು ನೋಡಿ. ಯೋಧನಿಗೆ ಬಿಲ್ಲೇಕೆ ಎಂದರೆ, ಕಟುಕನಿಗಾಗಿ.

ಮೊದಲ ಅಂತಸ್ತಿನಲ್ಲಿ ಕಲಿಯಬೇಕಾದದ್ದು ಹೊಡೆಯುವುದಕ್ಕಿಂತ ನಿಲ್ಲುವುದು. ಹೊಸಬರು ಬಾಗಿಲು ತೆರೆದ ಕೂಡಲೇ ಕೋಣೆಯ ನಡುವಿಗೆ ನುಗ್ಗುತ್ತಾರೆ, ನಾಲ್ಕು ಕಡೆಯಿಂದ ಏಟು ಬೀಳುತ್ತದೆ. ಬಲವಾದ ಏಟು ಬಿದ್ದಾಗಲೆಲ್ಲ ಯೋಧ ತತ್ತರಿಸುವುದರಿಂದ ತಿರುಗಿ ಹೊಡೆಯಲೂ ಬಿಡುವಿರುವುದಿಲ್ಲ. ಬಾಗಿಲು ತೆರೆದು, ಹೊಸ್ತಿಲಿನಿಂದ ನೇರ ಒಂದು ಚೌಕ ಹಿಂದೆ ಸರಿದು ನಿಂತರೆ ಕೈಗೆ ಸಿಗುವ ಶತ್ರು ಹೊಸ್ತಿಲ ಮೇಲಿರುವ ಒಬ್ಬನೇ. ಶಿಫ್ಟ್ ಕೀಲಿ ಒತ್ತಿ ಹಿಡಿದು ಕ್ಲಿಕ್ ಮಾಡಿ. ಆಗ ಯೋಧ ನಿಂತಲ್ಲೇ ಬೀಸುತ್ತಾನೆ. ಅದನ್ನು ಮರೆತರೆ ಕ್ಲಿಕ್ ಗುರಿ ತಪ್ಪಿದಾಗೆಲ್ಲ ಮುಂದಕ್ಕೆ ನಡೆದುಬಿಡುತ್ತಾನೆ, ಕಟ್ಟಿದ ಲೆಕ್ಕವೆಲ್ಲ ಕೆಡುತ್ತದೆ. ಇನ್ನೊಂದು ಸಂಗತಿ: ಹೊಸ್ತಿಲ ಮೇಲೆ ಹೆಣವೋ ವಸ್ತುವೋ ಬಿದ್ದಿದ್ದರೆ ಆ ಬಾಗಿಲು ಮತ್ತೆ ಮುಚ್ಚುವುದಿಲ್ಲ. ವಸ್ತುವನ್ನಾದರೆ ಎತ್ತಿಕೊಳ್ಳಬಹುದು, ಹೆಣವನ್ನಲ್ಲ.

ಊರಿಗೆ ಮರಳಿದಾಗ ವೈದ್ಯ ಪೆಪಿನ್‌ನನ್ನು ಮಾತಾಡಿಸಿದರೆ ಸಾಕು, ಜೀವ ಪೂರ್ತಿ ತುಂಬುತ್ತದೆ, ಕಾಸು ಕೇಳುವುದಿಲ್ಲ. ಹಾಗಾಗಿ ಅವನ 50 ಚಿನ್ನದ ಬಾಟಲಿಗಳು ಕಾಳಗದ ನಡುವೆ ಕುಡಿಯಲು ಮಾತ್ರ. ಸೊಂಟದ ಪಟ್ಟಿಯ 8 ಗೂಡುಗಳೂ ತುಂಬಿರಲಿ, 1ರಿಂದ 8ರವರೆಗಿನ ಕೀಲಿಗಳಿಗೆ ಬೆರಳು ಒಗ್ಗಲಿ. ಊರ ಹಿರಿಯ ಕೇನ್ 100 ಚಿನ್ನ ತೆಗೆದುಕೊಂಡು ಮಾಯದ ವಸ್ತುವಿನ ಗುಣ ಹೇಳುತ್ತಾನೆ. ಗುಣ ತಿಳಿಯದೆ ಮಾರಿದರೆ ಸಾದಾ ವಸ್ತುವಿನ ರೇಟು. ಕುಂಟ ಹುಡುಗ ವರ್ಟ್ ತನ್ನ ಮಾಲು ತೋರಿಸುವುದಕ್ಕೇ 50 ಚಿನ್ನ ಕೀಳುತ್ತಾನೆ, ಈ ಹೊತ್ತಿನಲ್ಲಿ ಅವನ ಸಹವಾಸ ಬೇಡ. ಲೆವೆಲ್ ಏರಿದಾಗ ಸಿಗುವ 5 ಅಂಕಗಳಲ್ಲಿ ಒಂದೆರಡನ್ನು ವೈಟ್ಯಾಲಿಟಿಗೆ ಹಾಕಿ. ಯೋಧನಿಗೆ ಅಲ್ಲಿ ಒಂದು ಅಂಕಕ್ಕೆ ಎರಡು ಜೀವ.

ಎರಡನೇ ಅಂತಸ್ತಿಗೆ ಇಳಿದ ಮೇಲೆ ಕಟುಕನ ಕೋಣೆ ಗುರುತಿಸುವುದು ಸುಲಭ: ನೆಲವೆಲ್ಲ ರಕ್ತ, ಶೂಲಕ್ಕೇರಿಸಿದ ದೇಹಗಳು, ಚೌಕಾಕಾರ, ಒಂದೇ ಬಾಗಿಲು. ಆ ಬಾಗಿಲನ್ನು ಕಂಡರೂ ಮುಟ್ಟಬೇಡಿ. ಮೊದಲು ಉಳಿದ ಅಂತಸ್ತನ್ನೆಲ್ಲ ಗುಡಿಸಿ ಹಾಕಿ. ಗುಡಿಸುತ್ತ ಒಂದನ್ನು ಹುಡುಕಿ: ಕಬ್ಬಿಣದ ಕಂಬಿಗಳಿರುವ ಗೋಡೆ. ಕಂಬಿಯ ಮೂಲಕ ಬಾಣ ಹೋಗುತ್ತದೆ, ದೇಹ ಹೋಗುವುದಿಲ್ಲ. ಅದು ಕೋಣೆಯಿಂದ ಎಷ್ಟು ದೂರ, ದಾರಿಯಲ್ಲಿ ಎಷ್ಟು ತಿರುವು, ಸುತ್ತಿಬಳಸಿ ಬರುವ ದಾರಿ ಯಾವುದು ಎಂದು ಟ್ಯಾಬ್ ಒತ್ತಿ ನಕ್ಷೆಯಲ್ಲಿ ನೋಡಿ, ಒಮ್ಮೆ ಖಾಲಿ ನಡೆದು ಬನ್ನಿ. ಆಮೇಲೆ ಸೇವ್. ಒಂದು ಪಾತ್ರಕ್ಕೆ ಒಂದೇ ಸೇವ್ ಇರುವುದರಿಂದ ಕಾಳಗದ ನಡುವೆ, ಜೀವ ತಳ ಕಂಡಾಗ ಗಾಬರಿಯಿಂದ ಸೇವ್ ಒತ್ತಿದಿರೋ, ಆ ಗಾಬರಿಯೇ ಉಳಿಯುತ್ತದೆ, ಹಿಂದಿನದೆಲ್ಲ ಹೋಯಿತು.

ಈಗ ಬಿಲ್ಲು ಹಿಡಿದು ಬಾಗಿಲು ತೆರೆಯಿರಿ. ಹಸಿ ಮಾಂಸ ಬಂತೆಂದು ಅವನು ಹಿಗ್ಗುವ ದನಿ ಕೇಳುವಷ್ಟರಲ್ಲಿ ನೀವು ಅರ್ಧ ದಾರಿ ದಾಟಿರಬೇಕು. ಈ ಆಟದಲ್ಲಿ ಓಟವಿಲ್ಲ, ಬರೀ ನಡಿಗೆ. ಹಿಂದೆ ತಿರುಗಿ ಒಂದು ಬಾಣ ಬಿಡೋಣ ಎಂಬ ಆಸೆಯೇ ಹೆಚ್ಚಿನವರನ್ನು ಕೊಂದಿರುವುದು. ಕಂಬಿಯ ಈಚೆ ಬಂದು ಒಂದೆರಡು ಚೌಕ ಹಿಂದೆ ಸರಿದು ನಿಲ್ಲಿ. ಕಟುಕ ಬಲಶಾಲಿ, ಆದರೆ ದಾರಿ ಹುಡುಕುವುದರಲ್ಲಿ ದಡ್ಡ. ಎದುರಿಗೆ ಕಂಡವನತ್ತ ನೇರ ಬರುತ್ತಾನೆ, ಕಂಬಿಗೆ ಅಂಟಿಕೊಳ್ಳುತ್ತಾನೆ. ನಿಮ್ಮನ್ನು ಬೆನ್ನಟ್ಟುತ್ತ ಅವನೂ ಈಚೆಗೇ ಬಂದುಬಿಟ್ಟಿದ್ದರೆ ಹಟ ಹಿಡಿಯದೆ ಮೆಟ್ಟಿಲು ಹತ್ತಿ. ಅವನು ಮೆಟ್ಟಿಲು ಹತ್ತುವುದಿಲ್ಲ.

ಚಿಕ್ಕ ಬಿಲ್ಲಿನ ಬಾಣಕ್ಕೆ 1ರಿಂದ 4ರಷ್ಟೇ ಪೆಟ್ಟು, ಯೋಧನ ಗುರಿಯೂ ಅಷ್ಟಕ್ಕಷ್ಟೆ. ಬಾಣ ಎಂದೂ ಖಾಲಿಯಾಗುವುದಿಲ್ಲವಾದರೂ ಬಿಲ್ಲು ಸವೆಯುತ್ತದೆ, ಬಾಳಿಕೆ ಸೊನ್ನೆಗಿಳಿದರೆ ಮಾಯವಾಗುತ್ತದೆ. ಕೆಳಗಿಳಿಯುವ ಮೊದಲೇ ಕಮ್ಮಾರನಲ್ಲಿ ರಿಪೇರಿ ಮಾಡಿಸಿರಿ. ಶಿಫ್ಟ್ ಹಿಡಿದು ಕ್ಲಿಕ್, ಕ್ಲಿಕ್, ಕ್ಲಿಕ್. ಬೇಸರ ಬರುವಷ್ಟು ಹೊತ್ತು ಹಿಡಿಯುತ್ತದೆ. ಇದು ಮೋಸವಲ್ಲವೇ ಎನ್ನುವವರು ಗುರಾಣಿ ಹಿಡಿದು ಎದುರಾಎದುರು ಹೋಗಬಹುದು, ಎಂಟು ಬಾಟಲಿಗಳ ಲೆಕ್ಕ ಇಟ್ಟುಕೊಂಡು.

ಬಿದ್ದಾಗ ಅವನ ಮಾಂಸ ಕಡಿಯುವ ಮಚ್ಚು ಸಿಗುತ್ತದೆ. 4ರಿಂದ 24ರ ಪೆಟ್ಟು ಕಂಡು ಯಾರಿಗಾದರೂ ಬಾಯಲ್ಲಿ ನೀರೂರಬೇಕು. ಆದರೆ ಎರಡೂ ಕೈ ಬೇಕು, ಗುರಾಣಿ ಬಿಡಬೇಕು, ಬಾಳಿಕೆ ಬರೀ 10. ಯೋಧನಿಗೆ ತಾನೇ ರಿಪೇರಿ ಮಾಡುವ ವಿದ್ಯೆ ಇದೆಯಾದರೂ ಪ್ರತಿ ಸಲ ವಸ್ತುವಿನ ಗರಿಷ್ಠ ಬಾಳಿಕೆಯನ್ನೇ ಅದು ತಿನ್ನುವುದರಿಂದ ಇದರ ಮೇಲೆ ಆ ಪ್ರಯೋಗ ಬೇಡ. ಗ್ರಿಸ್‌ವೋಲ್ಡ್‌ಗೆ ಕಾಲುಬೆಲೆಗೆ ಮಾರಿ, ಬಾಟಲಿ ತುಂಬಿಸಿಕೊಳ್ಳಿ. ದೊಣ್ಣೆಯನ್ನು ಮಾತ್ರ ಮಾರಬೇಡಿ, ಮೂರನೇ ಅಂತಸ್ತಿನಲ್ಲಿ ಅಸ್ಥಿಪಂಜರಗಳ ರಾಜ ಲಿಯೊರಿಕ್ ಇದ್ದರೂ ಇರಬಹುದು.