ಚಿನ್ನುವಿನ ಮೂಗಿಗೊಂದು ಕೆಲಸ

ಪೊದೆಯಲ್ಲಿ ಅಡಗಿದ ಹಕ್ಕಿಗಳನ್ನು ವಾಸನೆಯಿಂದಲೇ ಪತ್ತೆಹಚ್ಚಿ ಮೇಲೆಬ್ಬಿಸಲೆಂದು ಇಂಗ್ಲೆಂಡಿನ ಬೇಟೆಗಾರರು ಬೆಳೆಸಿದ ನಾಯಿ ತಳಿ ಕಾಕರ್ ಸ್ಪ್ಯಾನಿಯಲ್. ಆದ್ದರಿಂದ ನಮ್ಮ ಚಿನ್ನುವಿಗೆ ಬರೀ ಓಟ ಸಾಲದು, ಮೂಗಿಗೂ ಕೆಲಸ ಬೇಕು. ಚೆಂಡನ್ನು ಮತ್ತೆ ಮತ್ತೆ ಎಸೆದರೆ ಅವಳ ಉದ್ರೇಕ ಹೆಚ್ಚುತ್ತದೆಯೇ ಹೊರತು ಮನಸ್ಸು ತಣಿಯುವುದಿಲ್ಲ. ಬೆಳಗಿನ ಊಟದ ಒಂದು ಪಾಲನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ, ಸೋಫಾದ ಹಿಂದೆ ಅಡಗಿಸಿಟ್ಟು, "ಹುಡುಕು" ಎಂದೊಡನೆ ಅವಳು ನೆಲಕ್ಕೆ ಮೂಗು ಹಚ್ಚಿ, ಬಾಲವನ್ನು ಬಿರುಸಾಗಿ ಅಲ್ಲಾಡಿಸುತ್ತ, ಕೋಣೆಯ ಮೂಲೆಮೂಲೆಯನ್ನೂ ಶೋಧಿಸುತ್ತಾಳೆ. ಅದಕ್ಕೂ ಮುನ್ನ ಕುಳಿತು ಕಾಯುವುದನ್ನು ಕಡ್ಡಾಯ ಮಾಡಿದ್ದೇನೆ, ಏಕೆಂದರೆ ಅವಳಿಗೆ ಕಲಿಯಲು ಅತಿ ಕಷ್ಟವಾದದ್ದು ತಾಳ್ಮೆಯೇ. ಪಾಠ 10 ನಿಮಿಷ ಮೀರದಿರುವುದು ಒಳ್ಳೆಯದು. ಗದರಿದರಂತೂ ಈ ಮೃದು ಸ್ವಭಾವದ ಜೀವ ಕುಗ್ಗಿಹೋಗುತ್ತದೆ. ಒದ್ದೆ ಹುಲ್ಲಿನಲ್ಲಿ ಹುಡುಕಾಡಿ ಬಂದ ದಿನ ಕಿವಿಗಳನ್ನು ತಪ್ಪದೆ ಒರೆಸಬೇಕು, ಜೋಲುಗಿವಿಗೆ ಸೋಂಕು ಬೇಗ ತಗಲುತ್ತದೆ.