ರೈಲಿನ ಊರಿನಲ್ಲಿದ್ದು ರೈಲು ಏಕೆ ಮಾಡುವುದಿಲ್ಲ?

ಮನೆಗೆ ಬಂದವರು ಕಪಾಟಿನಲ್ಲಿ ನಾನು ಮಾಡಿಟ್ಟ ಬಾಹ್ಯಾಕಾಶ ನೌಕೆಗಳ ಮಾದರಿಗಳನ್ನು ನೋಡಿ ಮೊದಲು ಬೆಲೆ ಕೇಳುತ್ತಾರೆ. ಹುಬ್ಬಳ್ಳಿ ವ್ಯಾಪಾರದ ಊರು. ಇಲ್ಲಿ ಬೆಲೆ ಕೇಳದೆ ಹೋದರೆ ವಸ್ತುವನ್ನು ಕಡೆಗಣಿಸಿದಂತೆ. ಮಾರಾಟಕ್ಕಿಲ್ಲ ಎಂದೊಡನೆ ಎರಡನೆಯ ಪ್ರಶ್ನೆ ಬರುತ್ತದೆ. ಕೇಳುವವರು ಬೇರೆ ಬೇರೆ, ಪ್ರಶ್ನೆ ಒಂದೇ: “ಸರ್, ಕೈಯಲ್ಲಿ ಇಷ್ಟು ಕಲೆ ಇದೆ. ಒಂದು ರೈಲು ಎಂಜಿನ್ ಮಾಡಬಾರದೇ? ಎಲ್ಲಿಯೂ ಇಲ್ಲದ ಈ ಬಾಹ್ಯಾಕಾಶ ಹಡಗುಗಳನ್ನು ಏಕೆ ಮಾಡುತ್ತೀರಿ?”

ನ್ಯಾಯವಾದ ಪ್ರಶ್ನೆ. ನಮ್ಮೂರಿನಲ್ಲಿ ರೈಲಿಗೆ ಬರವಿಲ್ಲ. ಸದರ್ನ್ ಮರಾಠಾ ರೈಲ್ವೆ ಇಲ್ಲಿ ಕಾರ್ಯಾಗಾರ ತೆರೆದದ್ದು 1885ರಲ್ಲಿ. 2003ರಲ್ಲಿ ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಇಲ್ಲಿ ಆರಂಭವಾಯಿತು. ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ 2023ರಲ್ಲಿ ಉದ್ಘಾಟನೆಯಾದಾಗ ಜಗತ್ತಿನಲ್ಲೇ ಅತಿ ಉದ್ದದ್ದು ಎಂದು ಪತ್ರಿಕೆಗಳೆಲ್ಲ ಬರೆದವು. ಗದಗ ರಸ್ತೆಯಲ್ಲಿ ರೈಲ್ವೆ ವಸ್ತುಸಂಗ್ರಹಾಲಯವೂ ಇದೆ. ಇಷ್ಟೆಲ್ಲ ಇರುವ ಊರಿನಲ್ಲಿ ಕುಳಿತು, ಹೆಸರಿಲ್ಲದ ಗ್ರಹಕ್ಕೆ ಸರಕು ಒಯ್ಯುವ ಹಡಗನ್ನು ಅಂಟಿಸುತ್ತಿರುವವನನ್ನು ಕಂಡರೆ ಯಾರಿಗಾದರೂ ಅನುಮಾನ ಬರುವುದು ಸಹಜ.

ರೈಲಿನ ಮೇಲೆ ನನಗೆ ಮುನಿಸಿಲ್ಲ. ಆದರೆ ರೈಲು ಎಂಜಿನ್‌ನ ಮಾದರಿ ಮಾಡುವವನ ಕೈಗೆ ಉತ್ತರಪತ್ರಿಕೆ ಮೊದಲೇ ಸಿಕ್ಕಿರುತ್ತದೆ. ಹುಬ್ಬಳ್ಳಿ ಡೀಸೆಲ್ ಶೆಡ್ಡಿನ ಡಬ್ಲ್ಯೂಡಿಜಿ-4 ಎಂಜಿನ್ ಮಾಡುತ್ತೇನೆಂದು ಹೊರಟರೆ ಅದರ ಉದ್ದ, ಜಾಲರಿಯ ಜಾಗ, ಮೆಟ್ಟಿಲುಗಳ ಅಂತರ ಎಲ್ಲವೂ ಗೊತ್ತಿರುವ ಸಂಗತಿಗಳೇ. ತಪ್ಪಿದರೆ ಹೇಳುವವರೂ ಇದ್ದಾರೆ. ನಮ್ಮ ಎದುರು ಮನೆಯಲ್ಲಿ ನಿವೃತ್ತ ಲೋಕೋ ಪೈಲಟ್ ಒಬ್ಬರಿದ್ದಾರೆ. “ಹಿಡಿಕೆ ಇಲ್ಲಿಗೆ ಬರುವುದಿಲ್ಲ ತಮ್ಮಾ, ಒಂದು ಗೇಣು ಹಿಂದಕ್ಕೆ” ಎಂದರೆ ಮಾತು ಮುಗಿಯಿತು. ಅವರು ಹೇಳಿದ್ದೇ ಸರಿ. ಆ ಕೆಲಸಕ್ಕೆ ತಾಳ್ಮೆ ಬೇಕು, ಒಳ್ಳೆಯ ಛಾಯಾಚಿತ್ರಗಳು ಬೇಕು, ಬಹಳ ದೊಡ್ಡ ಕೌಶಲವೂ ಬೇಕು. ನನಗೆ ಮಾತ್ರ ಅದು ಸ್ವಲ್ಪ ಬೇಸರ ತರುತ್ತದೆ. ರೈಲು ಮಾದರಿ ಮಾಡುವ ಗೆಳೆಯರು ಸಿಟ್ಟಾಗಲಿ, ಅಡ್ಡಿಯಿಲ್ಲ.

ಇಲ್ಲದ ಹಡಗಿನ ಕಥೆ ಹಾಗಲ್ಲ. ಅದರ ಹಿಡಿಕೆ ಎಲ್ಲಿಗೆ ಬರಬೇಕು ಎಂದು ಯಾರೂ ಹೇಳಲಾರರು. ಆದರೂ ಅದು ತಪ್ಪು ಜಾಗದಲ್ಲಿದ್ದರೆ ನೋಡಿದವರಿಗೆಲ್ಲ ಏನೋ ಸರಿಯಿಲ್ಲ ಎನಿಸುತ್ತದೆ, ಏನೆಂದು ಹೇಳಲು ಬಾರದಿದ್ದರೂ. ಈ ವಿಚಿತ್ರವೇ ನನ್ನನ್ನು ಹಿಡಿದಿಟ್ಟಿರುವುದು.

ನನ್ನ ಅತಿ ಕಠಿಣ ಪರೀಕ್ಷಕ ಅಣ್ಣನ ಮಗ, ಮೂರನೆಯ ತರಗತಿಯ ಹುಡುಗ. ಹೊಸ ನೌಕೆ ಕೈಗೆ ಕೊಟ್ಟರೆ ಅದರ ರೆಕ್ಕೆ, ಬಣ್ಣ, ಫಿರಂಗಿ ಯಾವುದನ್ನೂ ನೋಡುವುದಿಲ್ಲ. “ಕಾಕಾ, ಇದಕ್ಕೆ ಬಾಗಿಲು ಎಲ್ಲಿದೆ?” ಎನ್ನುತ್ತಾನೆ. ಇಡೀ ಹವ್ಯಾಸದ ಗುಟ್ಟು ಆ ಪ್ರಶ್ನೆಯಲ್ಲಿದೆ. ಮನುಷ್ಯ ನುಗ್ಗುವ ಬಾಗಿಲು ಸುಮಾರು ಎರಡು ಮೀಟರ್ ಎತ್ತರ. 1:72 ಅಳತೆಯಲ್ಲಿ, ಅಂದರೆ ನಿಜದ ಗಾತ್ರವನ್ನು 72 ಪಾಲು ಕಿರಿದಾಗಿಸಿದರೆ, ಅದು 28 ಮಿಲಿಮೀಟರ್. ಆರು ಅಡಿಯ ಆಳು ಸರಿಯಾಗಿ ಒಂದು ಇಂಚು. 1:1000 ಅಳತೆಯಲ್ಲಿ ಅದೇ ಬಾಗಿಲು ಎರಡೇ ಮಿಲಿಮೀಟರ್. ಈಗ 30 ಸೆಂಟಿಮೀಟರ್ ಉದ್ದದ ಒಂದು ಪಿವಿಸಿ ಕೊಳವೆ ತೆಗೆದುಕೊಳ್ಳಿ. ಅದರ ಮೇಲೆ 28 ಮಿಲಿಮೀಟರಿನ ಬಾಗಿಲು ಕೆತ್ತಿದರೆ ಹಡಗು ಸುಮಾರು 22 ಮೀಟರಿನದು, ಒಂದು ರೈಲು ಬೋಗಿಯಷ್ಟು. ಎರಡು ಮಿಲಿಮೀಟರಿನ ಬಾಗಿಲು ಕೆತ್ತಿದರೆ ಅದೇ ಕೊಳವೆ 300 ಮೀಟರಿನ ಹಡಗಾಗುತ್ತದೆ. ಅಂಥ ಐದು ಹಡಗುಗಳು ಸಾಲಾಗಿ ನಿಂತರೆ ನಮ್ಮ ಪ್ಲಾಟ್‌ಫಾರ್ಮ್ ತುಂಬುತ್ತದೆ. ಬಾಗಿಲು ಎಷ್ಟು ದೊಡ್ಡದು ಎಂದು ನಿರ್ಧರಿಸುವ ತನಕ ಕೈಯಲ್ಲಿರುವುದು ಬರೀ ಕೊಳವೆ.

(ಅಳತೆಗಳೆಲ್ಲ ಲೆಕ್ಕಾಚಾರದಿಂದ ಹುಟ್ಟಿದವು ಎಂದುಕೊಳ್ಳಬೇಡಿ. ಯುದ್ಧ ಟ್ಯಾಂಕ್ ಮಾದರಿಗಳಲ್ಲಿ ಈಗ ಎಲ್ಲೆಡೆ ನಡೆಯುವ 1:35 ಅಳತೆ, ಜಪಾನಿನ ತಾಮಿಯಾ ಸಂಸ್ಥೆ 1960ರ ದಶಕದ ಆರಂಭದಲ್ಲಿ ಮೋಟಾರು ಓಡಿಸುವ ಒಂದು ಟ್ಯಾಂಕಿನೊಳಗೆ ಬ್ಯಾಟರಿಗಳು ಹಿಡಿಸಲಿ ಎಂದು ಗಾತ್ರ ನಿಗದಿ ಮಾಡಿದ್ದರಿಂದ ಬಂದದ್ದು.)

ಬಾಗಿಲಾದ ಮೇಲೆ ಮೈಯ ಸರದಿ. ನುಣುಪಾದ ಮೈ ಯಾವಾಗಲೂ ಆಟಿಕೆಯಂತೆ ಕಾಣುತ್ತದೆ. ಸಣ್ಣ ಸಣ್ಣ ವಿವರಗಳು ಸಿಕ್ಕಿದರೆ ಮಾತ್ರ ಕಣ್ಣು ಇದು ದೊಡ್ಡದು ಎಂದು ಒಪ್ಪಿಕೊಳ್ಳುತ್ತದೆ. 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಮತ್ತು 1977ರ ‘ಸ್ಟಾರ್ ವಾರ್ಸ್’ ಚಿತ್ರಗಳಿಗೆ ನೌಕೆ ಕಟ್ಟಿದವರು ಅಂಗಡಿಯಲ್ಲಿ ಸಿಗುವ, ಜೋಡಿಸಿ ಮಾದರಿ ಮಾಡುವ ಪ್ಲಾಸ್ಟಿಕ್ ಕಿಟ್‌ಗಳನ್ನು ರಾಶಿಗಟ್ಟಲೆ ತಂದು, ಟ್ಯಾಂಕಿನ ಚಕ್ರ, ವಿಮಾನದ ಎಂಜಿನ್ ಭಾಗಗಳನ್ನೆಲ್ಲ ಬಿಡಿಸಿ ಹಡಗಿನ ಮೈಗೆ ಅಂಟಿಸಿದ್ದರು. ಆ ತುಣುಕುಗಳಿಗೆ ಅಲ್ಲಿ ಕೆಲಸವೇನೂ ಇಲ್ಲ. ಕಣ್ಣಿಗೆ ಅಳತೆಗೋಲು ಕೊಡುವುದಷ್ಟೇ ಅವುಗಳ ಕೆಲಸ.

ಇದು ಹಾಲಿವುಡ್‌ನ ಕಂಡುಹಿಡಿಕೆ ಎನ್ನುವವರನ್ನು ನಾನು ಗದಗದ ಬಸ್ಸು ಹತ್ತಿಸಿ ಲಕ್ಕುಂಡಿಗೆ ಕಳಿಸುತ್ತೇನೆ. ಕಾಶಿ ವಿಶ್ವೇಶ್ವರ ಗುಡಿಯ ಹೊರಗೋಡೆಯ ಮುಂದೆ ನಿಂತು ನೋಡಿ. ಅರೆಗಂಬಗಳ ಮೇಲೆ, ಕೋಷ್ಠಗಳ ಮೇಲೆ, ಗೋಡೆಯ ತುಂಬ ಪುಟ್ಟ ಪುಟ್ಟ ಶಿಖರಗಳಿವೆ. ಗುಡಿಯ ಗೋಡೆಯ ಮೇಲೆ ಗುಡಿಗಳ ಮಾದರಿ! ಅವುಗಳಲ್ಲಿ ದ್ರಾವಿಡ ಬಗೆಯವಿವೆ, ಉತ್ತರದ ನಾಗರ ಬಗೆಯವೂ ಇವೆ. ಹನ್ನೊಂದನೆಯ ಶತಮಾನದ ರೂವಾರಿಗಳು ಬಳಪದ ಕಲ್ಲಿನಲ್ಲಿ ಬೆರಳುದ್ದದ ಕಲಶದವರೆಗೂ ವಿವರ ಬಿಡದೆ ಕೆತ್ತಿದ್ದಾರೆ. ಆ ಗುಡಿ ನಿಜವಾಗಿ ಬಹಳ ಎತ್ತರದ್ದೇನಲ್ಲ. ಚಿತ್ರ ತೆಗೆದು, ಊರಿನವರಲ್ಲದ ಗೆಳೆಯರಿಗೆ ತೋರಿಸಿ ಎತ್ತರ ಕೇಳಿದರೆ ಎಲ್ಲರೂ ಇರುವುದಕ್ಕಿಂತ ಹೆಚ್ಚೇ ಹೇಳುತ್ತಾರೆ. ಹಾವೇರಿಯ ಸಿದ್ಧೇಶ್ವರ ಗುಡಿಯ ಗೋಡೆಯಲ್ಲೂ ಇಂಥ ಕಿರುಶಿಖರಗಳನ್ನು ಕಾಣಬಹುದು. ನನ್ನ ಒಂದು ನೌಕೆಯ ಬೆನ್ನಿನ ಮೇಲಿನ ಗೋಪುರಗಳ ಜೋಡಣೆ ನೇರವಾಗಿ ಲಕ್ಕುಂಡಿಯಿಂದ ಎತ್ತಿದ್ದು: ದೊಡ್ಡದರ ಬದಿಗೆ ಅದರದ್ದೇ ಸಣ್ಣ ರೂಪ, ಅದರ ಬದಿಗೆ ಇನ್ನೂ ಸಣ್ಣದು. ಯಾರೂ ಗುರುತಿಸಿಲ್ಲ, ಆದರೆ ಆ ನೌಕೆಯನ್ನೇ ಎಲ್ಲರೂ ಹೆಚ್ಚು ಹೊತ್ತು ನೋಡುತ್ತಾರೆ.

ಇನ್ನು ಕೊಳೆ, ಅಂದರೆ ಮಾದರಿ ಬಳಸಿ ಹಳತಾದಂತೆ ಕಾಣಲು ಅದರ ಮೈಗೆ ಬಳಿಯುವ ಕೊಳೆ. ನನ್ನ ಪಾಲಿಗೆ ಇದೇ ಹವ್ಯಾಸದ ಹೂರಣ, ಹುಬ್ಬಳ್ಳಿಯ ಋಣ ನನ್ನ ಮೇಲೆ ಹೆಚ್ಚಾಗಿರುವುದೂ ಇಲ್ಲೇ. ಹೊಸ ಬಸ್ ನಿಲ್ದಾಣದಲ್ಲಿ ಹಳ್ಳಿಯ ಕಡೆಯಿಂದ ಬಂದು ನಿಂತ ಬಸ್ಸೊಂದರ ಪಕ್ಕವನ್ನು ಗಮನಿಸಿ. ಕಿಟಕಿಗಳ ಕೆಳಗೆ ಎಲೆ ಅಡಿಕೆಯ ಕೆಂಪು ಗೆರೆಗಳಿರುತ್ತವೆ. ಅವು ನೇರ ಕೆಳಗಿಳಿಯುವುದಿಲ್ಲ. ಗಾಳಿಗೆ ಹಿಂದಕ್ಕೆ ವಾಲಿರುತ್ತವೆ. ಬಸ್ಸು ನಿಂತಾಗ ಉಗಿದದ್ದು ಮಾತ್ರ ನೆಟ್ಟಗಿರುತ್ತದೆ. ಅಸಹ್ಯ ಎನ್ನುತ್ತೀರಿ, ನಿಜ. ಆದರೆ ಆ ಗೋಡೆಯ ಮೇಲೆ ಬಸ್ಸಿನ ದಿಕ್ಕು, ವೇಗ, ನಿಲುಗಡೆ ಎಲ್ಲ ಬರೆದಿದೆ. ಡೀಸೆಲ್ ಎಂಜಿನ್‌ನ ನೆತ್ತಿಯಲ್ಲಿ ಹೊಗೆಕಿಂಡಿಯ ಸುತ್ತ ಮಸಿ. ಬೋಗಿಗಳ ಅಡಿಯಲ್ಲಿ ಬ್ರೇಕ್ ಸವೆದ ಕಬ್ಬಿಣದ ಪುಡಿಯ ಕಂದು. ಬಾಗಿಲ ಹಿಡಿಕೆಯ ಸುತ್ತ ಮಾತ್ರ ಕೈ ತಾಗಿ ತಾಗಿ ಬಂದ ಹೊಳಪು. ಕೊಳೆ ಎಲ್ಲ ಕಡೆ ಒಂದೇ ಸಮ ಕೂರುವುದಿಲ್ಲ, ಕಾರಣವಿದ್ದ ಕಡೆ ಮಾತ್ರ ಕೂರುತ್ತದೆ.

ಹಾಗಾದರೆ ಬಾಹ್ಯಾಕಾಶದ ಹಡಗಿಗೆ ಕಾರಣ ಎಲ್ಲಿಂದ ತರುವುದು? ಅಲ್ಲಿ ಮಳೆಯಿಲ್ಲ, ಗಾಳಿಯಿಲ್ಲ, ಆದ್ದರಿಂದ ಇಳಿಗೆರೆಗಳೂ ಇರಬಾರದು. ತುಕ್ಕು ಹಿಡಿಯಲು ಆಮ್ಲಜನಕವೂ ನೀರೂ ಬೇಕು. ಬರೀ ನಿರ್ವಾತದಲ್ಲಿ ತೇಲುವ ಹಡಗಿಗೆ ಕೆಂಪು ತುಕ್ಕು ಹಚ್ಚಿದವನಿಗೆ ನಾನು ಅಂಕ ಕೊಡುವುದಿಲ್ಲ. ಅಲ್ಲಿ ಬೇರೆ ಬಗೆಯ ಸವೆತವಿದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತೇಲುವ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಆಮ್ಲಜನಕದ ಒಂಟಿ ಪರಮಾಣುಗಳು ಪ್ಲಾಸ್ಟಿಕ್ ಪದರಗಳನ್ನು ತಿನ್ನುತ್ತವೆ, ಅತಿನೇರಳೆ ಕಿರಣಗಳು ಬಣ್ಣ ಕೆಡಿಸುತ್ತವೆ, ಮರಳಿನ ಕಾಳಿಗಿಂತ ಸಣ್ಣ ಕಲ್ಲುಗಳು ಬಡಿದು ಚುಕ್ಕೆಚುಕ್ಕೆಯ ಗುಳಿ ಮಾಡುತ್ತವೆ. 1984ರಿಂದ 2011ರವರೆಗೆ 39 ಸಲ ಹಾರಿದ, ಅಮೆರಿಕದ ಡಿಸ್ಕವರಿ ಬಾಹ್ಯಾಕಾಶ ನೌಕೆಯ ಮೊದಲ ಮತ್ತು ಕೊನೆಯ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ವಾತಾವರಣಕ್ಕೆ ಮರಳಿ ನುಗ್ಗುವಾಗಿನ ಬಿಸಿ ಅದರ ಬಿಳಿ ಮೈಯ ಮೇಲೆ ಹಿಂದಕ್ಕೆ ಎಳೆದ ಬೂದು ಗೆರೆಗಳನ್ನು ಬಿಟ್ಟಿದೆ. ನಮ್ಮ ಬಸ್ಸಿನ ಗೆರೆಗಳೂ ವಾಲಿದ್ದು ಹಿಂದಕ್ಕೇ.

ನನ್ನ ಹಡಗುಗಳು ನೆಲಕ್ಕಿಳಿಯುತ್ತವೆ, ಮಳೆಯಲ್ಲಿ ನೆನೆಯುತ್ತವೆ ಎಂದು ನಾನು ತೀರ್ಮಾನಿಸಿಕೊಂಡಿರುವುದೇ ತುಕ್ಕು ಹಚ್ಚುವ ಆಸೆಗೆ. ಅದನ್ನು ಮಾಡುವುದು ಉಪ್ಪಿನಿಂದ. ಮೊದಲು ಕಂದು ಕಿತ್ತಳೆಯ ತುಕ್ಕಿನ ಬಣ್ಣ. ಅದು ಪೂರ್ತಿ ಒಣಗಿದ ಮೇಲೆ ನೀರು ಸವರಿ, ಮೇಲಿನ ಬಣ್ಣ ಎದ್ದಿರಬೇಕಾದ ಕಡೆ ಉಪ್ಪು ಉದುರಿಸಬೇಕು: ಬಾಗಿಲ ಅಂಚು, ಏಣಿಯ ಬುಡ, ಸರಕು ಉಜ್ಜಿಕೊಂಡು ಹೋಗುವ ಮೂಲೆ. ಪುಡಿ ಉಪ್ಪಿನ ಜೊತೆ ಕುಟ್ಟಿದ ಕಲ್ಲುಪ್ಪೂ ಬೇಕು. ಹರಳೆಲ್ಲ ಒಂದೇ ಗಾತ್ರದವಾದರೆ ಮೋಸ ಗೊತ್ತಾಗುತ್ತದೆ. ನೀರು ಆರಿದಾಗ ಉಪ್ಪು ಅಲ್ಲೇ ಕಚ್ಚಿಕೊಂಡಿರುತ್ತದೆ. ಅದರ ಮೇಲೆ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನಿಂದ ತೆಳುವಾಗಿ ಬೂದು ಬಣ್ಣ. ಒಣಗಿದ ಬಳಿಕ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿದರೆ ಹರಳುಗಳು ಚಟಚಟನೆ ಉದುರಿ, ಕೆಳಗಿನ ತುಕ್ಕು ಹರಕು ಅಂಚಿನ ಮಚ್ಚೆಗಳಾಗಿ ಹೊರಬರುತ್ತದೆ. ಕುಂಚ ಹಿಡಿದು ಎಷ್ಟು ಒದ್ದಾಡಿದರೂ ಆ ಅಂಚು ಬಾರದು.

ಸಾಮಾನು ಎಲ್ಲಿಂದ ಎಂದೂ ಕೇಳುತ್ತಾರೆ. ಹೊರದೇಶದ ಕಿಟ್‌ಗಳು ದುಬಾರಿ. ಸುಂಕ ಸೇರಿದರೆ ಇನ್ನೂ ದುಬಾರಿ. ನನ್ನದು ಬಹುಪಾಲು ಗುಜರಿಯಿಂದ ಬಂದದ್ದು. ಕೆಟ್ಟ ಪ್ರಿಂಟರ್ ಒಂದರಲ್ಲಿ ಮೂರು ಹಡಗಿಗಾಗುವಷ್ಟು ಹಲ್ಲುಚಕ್ರಗಳಿರುತ್ತವೆ. ನಾಮಫಲಕ ಮಾಡುವವರ ಬಳಿ ಸನ್‌ಬೋರ್ಡ್ ಚೂರುಗಳು ಸಿಗುತ್ತವೆ. ಕಾರಿಗೆ ಬಣ್ಣ ಹೊಡೆಯುವವರಲ್ಲಿ ಪ್ರೈಮರ್, ವಾಟರ್ ಪೇಪರ್. ಸಂದು ತುಂಬಲು ಫೆವಿಕ್ವಿಕ್ ಹನಿಸಿ ಮೇಲೆ ಅಡುಗೆ ಸೋಡಾ ಉದುರಿಸಿದರೆ ಕ್ಷಣದಲ್ಲಿ ಕಲ್ಲಾಗುತ್ತದೆ. ಒಂದೇ ನಿಯಮ: ಪೆನ್ನಿನ ಮುಚ್ಚಳ ಪೆನ್ನಿನ ಮುಚ್ಚಳವೆಂದು ಗುರುತು ಸಿಗಬಾರದು. ಸಿಕ್ಕಿದರೆ ಮುನ್ನೂರು ಮೀಟರಿನ ಹಡಗು ಅಲ್ಲೇ ಒಂದು ಗೇಣಾಗುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಧಾರವಾಡದ ಜಿಟಿಜಿಟಿ ಹಿಡಿದಾಗ, ವಾರ್ನಿಷ್ ಹೊಡೆಯುವುದಿಲ್ಲ. ಗಾಳಿಯ ತೇವಕ್ಕೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ದೀಪಾವಳಿ ಕಳೆದ ಮೇಲೆ ಆ ಕೆಲಸ.

ಇತ್ತೀಚೆಗೆ ವಿದ್ಯುತ್ ಕಾರು ಕೊಂಡ ಗೆಳೆಯನೊಬ್ಬನಿಗೂ ಪ್ರಶ್ನೆಗಳ ಕಾಟ. ಆದರೆ ಅವನ ಪ್ರಶ್ನೆಗೆ ಅಂಕಿಯಲ್ಲಿ ಉತ್ತರವಿದೆ: ಒಮ್ಮೆ ಚಾರ್ಜ್ ಮಾಡಿದರೆ ಇಷ್ಟು ಕಿಲೋಮೀಟರ್. ಅವನ ಕಾರಿನಲ್ಲಿ ನನಗೆ ಹಿಡಿಸಿದ್ದು ಬೇರೆಯೇ ಸಂಗತಿ. ಎಂಜಿನ್ ಇಲ್ಲದ್ದರಿಂದ ಮುಂಭಾಗದಲ್ಲಿ ದೊಡ್ಡ ಜಾಲರಿಯ ಅಗತ್ಯವಿಲ್ಲ. ಆದರೂ ಅಲ್ಲಿ ಜಾಲರಿಯ ಆಕಾರದ ಮುಚ್ಚಿದ ಫಲಕ ಕೂರಿಸಿದ್ದಾರೆ. ಜಾಲರಿಯಿಲ್ಲದ ಮೂತಿ ಕಾರಿನ ಮೂತಿ ಎನಿಸುವುದಿಲ್ಲ ಎಂಬ ಅಳುಕು ತಯಾರಕರಿಗೆ ಇರಬೇಕು. ಕೋಟ್ಯಂತರ ರೂಪಾಯಿ ಹೂಡಿದವರೂ ನಾನು ಪ್ರಿಂಟರಿನ ಚಕ್ರ ಅಂಟಿಸುವ ಕೆಲಸವನ್ನೇ ಮಾಡುತ್ತಿದ್ದಾರೆ ಎಂದು ಅವನಿಗೆ ಹೇಳಿದೆ. ಅವನಿಗೆ ಅಷ್ಟಾಗಿ ರುಚಿಸಲಿಲ್ಲ.

ಎದುರು ಮನೆಯ ಹಿರಿಯರು ಒಪ್ಪಿದ ನೌಕೆಯೊಂದಿದೆ. ರೈಲು ಬೋಗಿಗಳ ತುದಿಯಲ್ಲಿ, ಅದರ ದೊಡ್ಡ ದುರಸ್ತಿ ಯಾವ ಕಾರ್ಯಾಗಾರದಲ್ಲಿ ಯಾವಾಗ ಆಯಿತು, ಮುಂದಿನದಕ್ಕೆ ಯಾವಾಗ ಮರಳಬೇಕು ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ನನ್ನ ಸರಕು ಹಡಗಿನ ಬಾಲದಲ್ಲೂ ಅದೇ ಬಗೆಯಲ್ಲಿ ಕೊನೆಯ ದುರಸ್ತಿಯ ದಿನಾಂಕ ಹಾಕಿ, ಪಕ್ಕದಲ್ಲಿ ‘ಹುಬ್ಬಳ್ಳಿ’ ಎಂದು ಬರೆದೆ. ಹಿರಿಯರು ಕನ್ನಡಕ ಏರಿಸಿ ಓದಿದರು. “ಹಾಗಾದರೆ ಇದು ನಮ್ಮ ಕಡೆಯದೇ” ಎಂದು, ಅದರ ಚಕ್ರಗಳಿಗೆ ಬ್ರೇಕ್ ಎಲ್ಲಿದೆ ಎಂದು ವಿಚಾರಿಸತೊಡಗಿದರು. ರೈಲು ಏಕೆ ಮಾಡುವುದಿಲ್ಲ ಎಂದು ಅವರು ಮತ್ತೆ ಕೇಳಿಲ್ಲ.

ಈಗ ಮೇಜಿನ ಮೇಲಿರುವುದು ಬ್ಯಾಡಗಿಯಿಂದ ಮೆಣಸಿನಕಾಯಿ ಹೊರುವ ಹಡಗು, 1:72. ಹಾವೇರಿ ಜಿಲ್ಲೆಯ ಆ ಮಾರುಕಟ್ಟೆಗೆ ಹಂಗಾಮಿನಲ್ಲಿ ಹೋದವರಿಗೆ ಗೊತ್ತು, ಲಾರಿಗಳ ಹಲಗೆ ಸಂದಿಯಲ್ಲೆಲ್ಲ ಕೆಂಪು ಪುಡಿ ಕೂತಿರುತ್ತದೆ. ಆ ಕೆಂಪು ತುಕ್ಕಿನ ಕೆಂಪಿಗಿಂತ ಬೇರೆ ಎಂದು ಒಂದು ಗೇಣಿನ ದೂರದಿಂದ ತಿಳಿಯಬೇಕು. ತುಕ್ಕು ಲೋಹವನ್ನು ಕಚ್ಚಿರುತ್ತದೆ, ಪುಡಿ ಮೇಲೆ ಕುಳಿತಿರುತ್ತದೆ. ಅದಕ್ಕೆ ಬಣ್ಣದ ಬದಲು ಒಣ ಪಿಗ್ಮೆಂಟ್ ಪುಡಿಯನ್ನೇ ಬಳಸುತ್ತಿದ್ದೇನೆ. ಚೀಲಗಳು ಹನ್ನೆರಡು ಮಿಲಿಮೀಟರ್ ಎತ್ತರದವು, ಎಂ-ಸೀಲ್‌ನಲ್ಲಿ ಮಾಡಿದವು. ಹಸಿಯಿರುವಾಗಲೇ ಬಟ್ಟೆ ಒತ್ತಿ ಗೋಣಿಯ ನೇಯ್ಗೆ ಮೂಡಿಸಿದ್ದೇನೆ. ಬಾಯಿ ಹೊಲಿದ ದಾರ ಮಾತ್ರ ಇನ್ನೂ ಬಗೆಹರಿದಿಲ್ಲ. ಈ ಅಳತೆಯಲ್ಲಿ ಅದು ಕೂದಲಿಗಿಂತ ತೆಳು, ನಿಜವಾದ ದಾರ ಯಾವುದು ಅಂಟಿಸಿದರೂ ಹಡಗಿನ ಹಗ್ಗವಾಗುತ್ತದೆ. ಮೊನೆ ಪೆನ್ಸಿಲಿನಿಂದ ಗೆರೆ ಎಳೆದು ನೋಡುತ್ತಿದ್ದೇನೆ.