ಪೇರಳೆ ಬೇರಿನ ಅಡಿಯಲ್ಲಿ

ಡಿಸೆಂಬರ್ 28, 2024. ಶಿವಮೊಗ್ಗ

ರಾತ್ರಿ ಹತ್ತೂವರೆ. ಮನೆಯ ದೀಪ ಎಲ್ಲ ಆರಿಸಿ ಫಿಶ್ ಟ್ಯಾಂಕ್ ಮುಂದೆ ಕೂತಿದ್ದೆ. ಎರಡಡಿಯ ಹಳೇ ಟ್ಯಾಂಕ್. ಅದರಲ್ಲಿ ಐದು ಕೋರಿಡೋರಸ್, ಒಂದು ಜೊತೆ ಬ್ರಿಸಲ್‌ನೋಸ್. ಎಲ್ಲವೂ ಕ್ಯಾಟ್‌ಫಿಶ್‌ಗಳು, ಮೀಸೆ ಮೀನುಗಳು. ಹಗಲಿಡೀ ಫಿಲ್ಟರ್ ಹಿಂದೆ ಒತ್ತೊತ್ತಾಗಿ ನಿಂತಿರುತ್ತವೆ. ಗಂಡು ಬ್ರಿಸಲ್‌ನೋಸ್ ಮೂಲೆಯ ಪೈಪಿಗೆ ಅಂಟಿಕೊಂಡರೆ ಮುಗೀತು, ಊಟಕ್ಕೂ ಇಳಿಯುವುದಿಲ್ಲ.

ಇವು ನಾಚಿಕೆ ಸ್ವಭಾವದ ಮೀನು ಅಂತಲೇ ನಾನು ಇಷ್ಟು ದಿನ ತಿಳಿದಿದ್ದೆ. ಈಗ ಹಾಗೆ ಅನಿಸುತ್ತಿಲ್ಲ. ಅವಕ್ಕೆ ಮರೆ ಇಲ್ಲ, ಅಷ್ಟೇ. ಕೆಳಗೆ ನೀಲಿ ಜಲ್ಲಿ, ಮಧ್ಯೆ ಪ್ಲಾಸ್ಟಿಕ್ ಕೋಟೆ, ಮೇಲೆ ಬಿಳಿ ಲೈಟು. ನಡುಮಧ್ಯಾಹ್ನ ಗದ್ದೆ ಬಯಲಲ್ಲಿ ನಿಲ್ಲಿಸಿದ ಹಾಗೆ ಅವುಗಳನ್ನು ನಿಲ್ಲಿಸಿದ್ದೇನೆ.

ಕೋರಿಗಳ ಮೀಸೆಯೂ ಸವೆದಿದೆ. ಎರಡಕ್ಕೆ ಮೊಂಡಾಗಿಯೇ ಹೋಗಿದೆ. ಈ ಮೀನು ಮೂತಿಯನ್ನು ಮರಳಿಗೆ ತೂರಿಸಿ, ಕೆದಕಿ, ಸೋಸಿ ತಿನ್ನುವ ಜಾತಿ. ಅಂಗಡಿಯಲ್ಲಿ ಎಲ್ಲ ಮೀನಿಗೂ ಆಗುತ್ತೆ ಎಂದು ಕೊಟ್ಟ ಜಲ್ಲಿಯ ಅಂಚು ಚೂಪು. ಅದರ ಸಂದಿಯಲ್ಲಿ ಕೊಳೆ ಬೇರೆ ಕೂರುತ್ತದೆ. ಇದನ್ನು ನಾನು ಮೊದಲೇ ನೋಡಬೇಕಿತ್ತು. ತುಂಬ ಬೇಜಾರಾಯಿತು.

ಹೊಸ ಟ್ಯಾಂಕ್ ಮಾಡಿಸಿದ್ದೇನೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. 190 ಲೀಟರ್ ಹಿಡಿಯುತ್ತದೆ. ಅಂದರೆ ನೀರೇ 190 ಕೆಜಿ, ಮರಳು ಕಲ್ಲು ಬೇರೆ. ಅದಕ್ಕೇ ಕಬ್ಬಿಣದ ಸ್ಟ್ಯಾಂಡ್, ಗೋಡೆಗೆ ತಾಗಿಸಿ. ಒಳಗೆ ಹೊಳೆ ದಂಡೆಯ ಹಾಗೆ ಬೇರು, ನೆರಳು, ಮರಳು ಇರಬೇಕು. ಸೋಮವಾರ ಎಳ್ಳಮಾವಾಸ್ಯೆ, ಜಾತ್ರೆಗೆ ಹೇಗೂ ಊರಿಗೆ ಹೋಗುತ್ತೇವೆ. ಕೊರಡು ಅಲ್ಲಿಂದಲೇ ತರಬೇಕು.

ಡಿಸೆಂಬರ್ 31. ಊರು, ತೀರ್ಥಹಳ್ಳಿ ಹತ್ತಿರ

ನಿನ್ನೆ ಜಾತ್ರೆ ನಡೆಯುವ ರಾಮತೀರ್ಥದಲ್ಲಿ ಕಾಲಿಡಲು ಜಾಗವಿರಲಿಲ್ಲ. ಇವತ್ತು ಬೆಳಿಗ್ಗೆ ಮಂಜು ಬಿಡುವ ಮೊದಲೇ ಅಪ್ಪಯ್ಯನ ಜೊತೆ ತೋಟಕ್ಕೆ ಇಳಿದೆ.

"ಎಂತ ಮಾರಾಯ್ತಿ, ಸೌದೆ ಕೊಟ್ಟಿಗೆ ತುಂಬ ಕೊರಡು ಇದೆ. ಅದ್ರಲ್ಲೇ ಒಂದು ತಗಂಡು ಹೋಗು" ಅಂದರು.

"ಯಾವ ಮರದ್ದು ಅಂತ ಗೊತ್ತಾಗ್ಬೇಕಲ್ಲ ಅಪ್ಪಯ್ಯ. ನೀರಲ್ಲಿ ವರ್ಷಗಟ್ಟಲೆ ಇರೋದು ಅದು."

ಆಮೇಲೆ ಅವರಿಗೂ ಹುರುಪು ಬಂತು. ನಾನು ಒಂದೊಂದೇ ಕೊರಡು ಎತ್ತಿ ಕೊಟ್ಟೆ. ಅವರು ಕತ್ತಿಯಿಂದ ಸ್ವಲ್ಪ ಕೆತ್ತಿ, ಮೂಗಿಗೆ ಹಿಡಿದು ಹೇಳುತ್ತಾ ಹೋದರು. ಇದು ಮತ್ತಿ. ಇದು ಹಲಸು, ಪೂರ್ತಿ ಒಣಗಿಲ್ಲ, ಮೇಣ ಇದೆ. ಇದು ಕಾಸರಕ, ಮುಟ್ಟಬೇಡ. ಕಾಸರಕದ ಬೀಜ ವಿಷ ಅಂತ ನನಗೂ ಗೊತ್ತಿತ್ತು, ಆದರೆ ಒಣಗಿದ ತುಂಡು ನೋಡಿ ಗುರುತು ಹಿಡಿಯಲು ನನ್ನಿಂದ ಆಗುತ್ತಿರಲಿಲ್ಲ. ಮೊದಲು ಕಾರೆಕಾಯಿ ಜಜ್ಜಿ ಮಡುವಿಗೆ ಹಾಕಿ ಮೀನಿಗೆ ಮತ್ತು ಬರಿಸಿ ಹಿಡಿಯುತ್ತಿದ್ದುದನ್ನೂ ಹೇಳಿದರು. ಮರದಲ್ಲಿರುವುದು ನೀರಿಗೆ ಇಳಿಯುತ್ತದೆ, ನೀರಿನಿಂದ ಮೀನಿಗೆ ಸೇರುತ್ತದೆ. ಇದನ್ನು ಅವರಿಗೆ ನಾನು ವಿವರಿಸಬೇಕಾಗಲೇ ಇಲ್ಲ.

ತೋಟದೊಳಗೆ ಅಡಿಕೆ ಮರದ ಬುಡದಲ್ಲಿ ಒಂದು ಚಂದದ ಬೇರು ಬಿದ್ದಿತ್ತು. ಜಿಂಕೆ ಕೊಂಬಿನ ಹಾಗೆ ಕವಲು. ಕೈಗೆ ತಗೊಂಡು ಮತ್ತೆ ಕೆಳಗಿಟ್ಟೆ. ಪ್ರತಿ ಮಳೆಗಾಲ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ ಅಲ್ವಾ. ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತ ಅಂದರೆ ತಾಮ್ರ. ಗೊನೆಯಿಂದ ತೊಟ್ಟಿಕ್ಕಿದ್ದೆಲ್ಲ ಬುಡದಲ್ಲಿರುವ ಕೊರಡಿಗೇ. ತಾಮ್ರ ನೀರಿನಲ್ಲಿ ಬಹಳ ಕಡಿಮೆ ಇದ್ದರೂ ಮೀನಿಗೆ ಆಗಿಬರುವುದಿಲ್ಲ. ಮಲೆನಾಡಿನಲ್ಲಿ ಟ್ಯಾಂಕ್ ಇಟ್ಟಿರುವವರು ಇದೊಂದನ್ನು ನೆನಪಿಡಿ. ಅಡಿಕೆ ತೋಟದ ಒಳಗಿನ ಕೊರಡು, ತರಗೆಲೆ, ಕಲ್ಲು ಬೇಡ.

ಮೇಲಿನ ಕಾಡಿಗೂ ಹೋಗಲಿಲ್ಲ. ಮೀಸಲು ಅರಣ್ಯದಿಂದ ಬಿದ್ದ ಮರವನ್ನೂ ಅನುಮತಿ ಇಲ್ಲದೆ ತರುವ ಹಾಗಿಲ್ಲ. ಬಿದ್ದ ಕೊರಡಿನಲ್ಲಿ ಕಪ್ಪೆ, ಚೇಳು, ಹುಳುಗಳ ಸಂಸಾರ ಇರುತ್ತದೆ. ನಮ್ಮ ಮೀನಿಗೆ ಮನೆ ಮಾಡಲು ಅವುಗಳ ಮನೆ ಕೀಳುವುದು ನನಗೆ ಸರಿ ಕಾಣುವುದಿಲ್ಲ.

ಕೊನೆಗೆ ಸಿಕ್ಕಿದ್ದು ಮನೆ ಹಿತ್ತಲಲ್ಲಿ. ಎರಡು ವರ್ಷದ ಹಿಂದೆ ಗಾಳಿಗೆ ಉರುಳಿದ ಪೇರಳೆ ಮರ. ನಾನು ಚಿಕ್ಕವಳಿದ್ದಾಗ ಹತ್ತಿ ಕೂರುತ್ತಿದ್ದ ಮರವೇ. ಬುಡದ ಬೇರು ಮೇಲೆದ್ದು, ಮಣ್ಣು ಎಲ್ಲ ಮಳೆಗೆ ತೊಳೆದು ಹೋಗಿ, ಗಟ್ಟಿಯಾಗಿ ಒಣಗಿ ನಿಂತಿದೆ. ಉಗುರು ಒತ್ತಿದೆ, ಇಳಿಯಲಿಲ್ಲ. ವಾಸನೆ ಇಲ್ಲ, ಸೊನೆ ಇಲ್ಲ, ಒರಲೆ ಹಿಡಿದಿಲ್ಲ. ಪೇರಳೆ ಮರ ಗಟ್ಟಿ, ನೀರಲ್ಲಿ ಬೇಗ ಕೊಳೆಯುವುದಿಲ್ಲ. ಅಪ್ಪಯ್ಯ ಗರಗಸ ತಂದು ನಾನು ತೋರಿಸಿದಲ್ಲಿ ಕೊಯ್ದು ಕೊಟ್ಟರು. ಬೇರಿನ ಅಡಿಯಲ್ಲಿ ಅಂಗೈ ಅಗಲದ ಒಂದು ಪೊಟರೆ ಇದೆ. ಅದನ್ನು ಕಂಡ ಕೂಡಲೇ ಗಂಡು ಬ್ರಿಸಲ್‌ನೋಸ್ ನೆನಪಾಯಿತು.

ಜನವರಿ 1, 2025. ಊರು

ಬೇರನ್ನು ಕುದಿಸುವ ದಿನ. ಅಂಗಳದಲ್ಲಿ ಅಡಿಕೆ ಒಲೆ ಉರಿಯುತ್ತಲೇ ಇತ್ತು. "ಅಡಿಕೆ ಹಂಡೆಗೇ ಹಾಕು" ಅಂದರು ಅಮ್ಮ. ಅದು ತಾಮ್ರದ ಹಂಡೆ, ಜೊತೆಗೆ ಒಳಗೆಲ್ಲ ವರ್ಷಗಳ ಚೊಗರು, ಅಡಿಕೆ ಬೇಯಿಸಿದಾಗ ಬಿಡುವ ಕೆಂಪು ಒಗರು ರಸ. ಬೇಡ ಎಂದು ಊಟದ ಮನೆಗೆ ಬಳಸುವ ದೊಡ್ಡ ಸ್ಟೀಲ್ ಪಾತ್ರೆ ತಗೊಂಡೆ. ಬ್ರಷ್‌ನಲ್ಲಿ ತಿಕ್ಕಿ, ತೊಗಟೆ ಪೂರ್ತಿ ಕಿತ್ತು, ನೀರಿಗೆ ಹಾಕಿದೆ. ಸೋಪು ಮುಟ್ಟಿಸಲಿಲ್ಲ. ಸೋಪು ಮರದೊಳಗೆ ಇಳಿದರೆ ಮತ್ತೆ ಬಿಡಿಸಲು ಆಗುವುದಿಲ್ಲ.

ಅರ್ಧ ಗಂಟೆಗೆ ನೀರು ಕೆಂಪಾಯಿತು. ಅಮ್ಮ ಬಗ್ಗಿ ನೋಡಿ, "ಇದೂ ಚೊಗರು ಬಿಡ್ತಲ್ಲೇ" ಅಂದರು. ನಿಜ, ಅದೇ ಇದು. ಪುಸ್ತಕದವರು ಟ್ಯಾನಿನ್ ಅನ್ನುತ್ತಾರೆ, ನಮ್ಮ ಅಂಗಳದಲ್ಲಿ ಚೊಗರು. ಮೂರು ಸಲ ನೀರು ಚೆಲ್ಲಿ ನಾಲ್ಕು ಗಂಟೆ ಕುದಿಸಿದೆ. ಕುದಿಸಿದರೆ ಹುಳ, ಮೊಟ್ಟೆ, ಬೂಷ್ಟು ಸಾಯುತ್ತವೆ. ಮರ ನೀರು ಕುಡಿದು ಭಾರವಾಗುತ್ತದೆ. ಚೊಗರು ಪೂರ್ತಿ ಹೋಗಬೇಕು ಅಂತ ನನಗೇನೂ ಇಲ್ಲ. ಸ್ವಲ್ಪ ಉಳಿದರೆ ನೀರಿಗೆ ತೆಳು ಟೀ ಬಣ್ಣ ಬರುತ್ತದೆ, ಹುಳಿ ಗುಣ ಸ್ವಲ್ಪ ಹೆಚ್ಚುತ್ತದೆ, ಬೆಳಕು ಮಂದವಾಗುತ್ತದೆ. ಕೋರಿ, ಬ್ರಿಸಲ್‌ನೋಸ್ ಎರಡರ ಮೂಲವೂ ದಕ್ಷಿಣ ಅಮೆರಿಕ. ಅಲ್ಲಿ ಕಾಡಿನ ಎಷ್ಟೋ ಹೊಳೆಗಳು ಎಲೆ, ಬೇರು ನೆನೆದು ಇದೇ ಬಣ್ಣಕ್ಕೆ ಹರಿಯುತ್ತವೆ.

ಸಂಜೆ ಅಮ್ಮ ಇನ್ನೊಂದು ನೆನಪು ತೆಗೆದರು. ಹೊಸ ಬಾವಿ ತೋಡಿದಾಗ ಅಜ್ಜ ತಳಕ್ಕೆ ನೆಲ್ಲಿ ಕೊರಡು ಇಳಿಸಿದ್ದರಂತೆ, ನೀರು ಸಿಹಿಯಾಗಲಿ ಅಂತ. ನಲವತ್ತು ವರ್ಷ ಆಯಿತು, ಇನ್ನೂ ಅದೇ ನೀರು ಕುಡಿಯುತ್ತಿದ್ದೇವೆ. ಬಾವಿಕಟ್ಟೆಗೆ ಹೋಗಿ ಇಣುಕಿದೆ. ಕತ್ತಲು, ಏನೂ ಕಾಣಲಿಲ್ಲ. ಆದರೂ ತುಂಬ ಹೊತ್ತು ನೋಡುತ್ತಾ ನಿಂತಿದ್ದೆ.

ಜನವರಿ 12. ಶಿವಮೊಗ್ಗ

ಮರಳು ಊರಿನದೇ. ಮನೆ ಕಟ್ಟಿದಾಗ ಉಳಿದು ಹಿಂದೆ ಬಿದ್ದಿದ್ದ ಹೊಳೆ ಮರಳಿನ ಗುಡ್ಡೆ. ಮೂವತ್ತು ಕೆಜಿಯಷ್ಟನ್ನು ಜರಡಿ ಹಿಡಿದು ಅಕ್ಕಿ ಚೀಲದಲ್ಲಿ ತಂದೆ. ಪಕ್ಕದ ಸೈಟಿನಲ್ಲಿ ಎಂ-ಸ್ಯಾಂಡ್ ರಾಶಿ ಇದೆ, ಕೇಳಿದರೆ ಕೊಡುತ್ತಿದ್ದರು. ಆದರೆ ಅದು ಕಲ್ಲು ಒಡೆದು ಮಾಡಿದ್ದು, ಕಾಳು ಚೂಪು. ಹೊಳೆ ಮರಳು ಉರುಳಿ ಉರುಳಿ ದುಂಡಾಗಿರುತ್ತದೆ. ಕೋರಿ ಮೀಸೆಗೆ ಅದೇ ಬೇಕು. ಹನ್ನೆರಡು ಸಲ ತೊಳೆದೆ. ಕೊನೆಗೆ ಬಕೆಟ್ ನೀರು ತಿಳಿಯಾಯಿತು. ಸಿಕ್ಕಿದ ಚಿಪ್ಪುಗಳನ್ನೆಲ್ಲ ಮಗಳು ಆರಿಸಿ ತೆಗೆದಳು. ಚಿಪ್ಪು ಕರಗಿದರೆ ನೀರು ಗಡಸಾಗುತ್ತದೆ.

ಅಷ್ಟು ಕುದಿಸಿದ ಬೇರು ಇನ್ನೂ ತೇಲುತ್ತಿದೆ! ಹತ್ತು ದಿನ ಡ್ರಮ್ಮಿನಲ್ಲಿ ಮುಳುಗಿಸಿ ಇಟ್ಟಿದ್ದರೂ ಒಂದು ತುದಿ ಏಳುತ್ತದೆ. ಅಡಿಗೆ ಕಲ್ಲು ಕಟ್ಟಬೇಕು. ಮನೆಯಲ್ಲಿದ್ದ ಕಡಪ ಕಲ್ಲಿನ ತುಂಡಿಗೆ ನಿಂಬೆ ರಸ ಬಿಟ್ಟು ನೋಡಿದೆ. ಸಣ್ಣಗೆ ನೊರೆ ಬಂತು, ಸುಣ್ಣದ ಅಂಶ. ಗ್ರಾನೈಟ್ ತುಂಡಿನ ಮೇಲೆ ಏನೂ ಆಗಲಿಲ್ಲ. ಅದಕ್ಕೆ ತೂತು ಹಾಕಿಸಿ ಸ್ಟೇನ್‌ಲೆಸ್ ಸ್ಕ್ರೂನಿಂದ ಬೇರಿಗೆ ಬಿಗಿದೆ. ಕಲ್ಲನ್ನು ಮೊದಲು ಗಾಜಿನ ತಳದಲ್ಲಿ ಕೂರಿಸಿ ಆಮೇಲೆ ಮರಳು ಹಾಕಬೇಕು. ಮರಳಿನ ಮೇಲಿಟ್ಟರೆ ಮೀನು ಕೆದಕಿ ಕಲ್ಲು ವಾಲುತ್ತದೆ.

ಬೇರನ್ನು ನಡುಮಧ್ಯೆ ಇಡಲಿಲ್ಲ. ಎಡಗಡೆಗೆ ಸರಿಸಿ, ಬುಡ ನೀರಿನ ಮಟ್ಟಕ್ಕೆ, ಕವಲುಗಳು ಕೆಳಗೆ ಬಲಕ್ಕೆ ಚಾಚುವ ಹಾಗೆ ಇಟ್ಟೆ. ಮಂಡಗದ್ದೆ ಹತ್ತಿರ ತುಂಗೆಯ ದಂಡೆಯಲ್ಲಿ ಮರಗಳು ಹೀಗೇ ನೀರಿಗೆ ಬೇರು ಇಳಿಬಿಟ್ಟು ನಿಂತಿವೆ. ಬಲಗಡೆ ಬರೀ ಮರಳು, ಕೋರಿಗಳಿಗೆ ಓಡಾಡಲು. ಜಾವಾ ಫರ್ನ್ ಅನ್ನು ದಾರದಲ್ಲಿ ಕವಲಿಗೆ ಕಟ್ಟಿದೆ, ಅದಕ್ಕೆ ಮಣ್ಣು ಬೇಡ. ನೆರಳಿಗೆ ಮೇಲೆ ತೇಲುವ ನಾಲ್ಕು ಅಂತರಗಂಗೆ ಗಿಡ. ಇದು ಹೆಚ್ಚಾದರೆ ಗೊಬ್ಬರ ಗುಂಡಿಗೆ ಹೋಗುತ್ತದೆ, ಹೊಳೆಗಂತೂ ಅಲ್ಲ. ಕೊನೆಗೆ ಸ್ಕೂಲ್ ಕಾಂಪೌಂಡಿನಲ್ಲಿ ಉದುರಿದ್ದ ಆರು ಬಾದಾಮಿ ಎಲೆ ತೊಳೆದು ಹಾಕಿದೆ. ನಲ್ಲಿ ನೀರನ್ನು ಒಂದು ದಿನ ಡ್ರಮ್ಮಿನಲ್ಲಿಟ್ಟು ಕ್ಲೋರಿನ್ ಹಾರಿದ ಮೇಲೆ ತುಂಬಿದೆ. ನಮ್ಮ ನಲ್ಲಿಗೆ ಬರುವುದೂ ತುಂಗೆಯೇ.

ಜನವರಿ 21

"ಅಮ್ಮಾ, ಕೊರಡಿಗೆ ಬೂಷ್ಟು ಬಂದಿದೆ!" ಬೆಳಿಗ್ಗೆ ಮಗಳು ಕೂಗಿದಳು. ಬೇರಿನ ತುಂಬ ಬಿಳಿ ಲೋಳೆ. ಹೊಸ ಕೊರಡಿಗೆ ಹೀಗಾಗುವುದು ಸಹಜ. ಮರದಲ್ಲಿ ಉಳಿದ ಸಕ್ಕರೆ ಅಂಶವನ್ನು ಶಿಲೀಂಧ್ರ, ಬ್ಯಾಕ್ಟೀರಿಯ ತಿನ್ನುತ್ತಿವೆ. ಕೆಲವು ವಾರಕ್ಕೆ ತಾನಾಗೇ ಹೋಗುತ್ತದೆ. ಕೊರಡು ತೆಗೆದು ಬಿಸಾಡಬಾರದು.

ಫೆಬ್ರವರಿ 9

ಮೀನು ಇನ್ನೂ ಬಿಟ್ಟಿಲ್ಲ. ನೋಡಿದವರೆಲ್ಲ ಖಾಲಿ ಟ್ಯಾಂಕ್ ಯಾಕೆ ಅಂತಾರೆ. ಖಾಲಿ ಅಲ್ಲ ಅದು. ಮೀನಿನ ಹೊಲಸು, ಉಳಿದ ಆಹಾರ ಕೊಳೆತು ಅಮೋನಿಯ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ಮೀನಿಗೆ ವಿಷ. ಈ ಬ್ಯಾಕ್ಟೀರಿಯ ಬೆಳೆದು ನಿಲ್ಲಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಹಳೇ ಫಿಲ್ಟರಿನ ಒಂದು ಸ್ಪಂಜನ್ನು ಇಲ್ಲಿಗೆ ಹಾಕಿದ್ದೆ, ಹೆಪ್ಪು ಹಾಕಿದ ಹಾಗೆ. ದಿನಾ ಚಿಟಿಕೆ ಆಹಾರ ಉದುರಿಸುತ್ತಿದ್ದೆ. ಇವತ್ತಿನ ಪರೀಕ್ಷೆಯಲ್ಲಿ ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ. ಪಿಎಚ್ 7.4 ಇದ್ದದ್ದು 6.8ಕ್ಕೆ ಇಳಿದಿದೆ, ಅಂದರೆ ನೀರಿನ ಹುಳಿ ಗುಣ ಸ್ವಲ್ಪ ಹೆಚ್ಚಿದೆ. ಇನ್ನೊಂದು ವಾರ ಕಾಯುತ್ತೇನೆ.

ಅಪ್ಪಯ್ಯ ಫೋನ್ ಮಾಡಿದ್ದರು. "ನಮ್ಮ ಹಳ್ಳದ ಗಿರ್ಲು ಎರಡು ಹಿಡ್ದು ಕೊಡ್ಲನಾ?" ಅಂದರು. ಬೇಡ ಅಂದೆ. ಗಿರ್ಲು ಕೂಡ ಮೀಸೆ ಮೀನೇ, ಆದರೆ ಸಣ್ಣ ಮೀನುಗಳನ್ನು ನುಂಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಅದು ಹಳ್ಳದಲ್ಲೇ ಇರಲಿ. ಹಾಗೆಯೇ ಟ್ಯಾಂಕಿನ ಮೀನು ಹಳ್ಳಕ್ಕೆ ಹೋಗಬಾರದು. ಟ್ಯಾಂಕ್ ಕ್ಲೀನ್ ಮಾಡುತ್ತೆ ಎಂದು ಬೆರಳುದ್ದದ ಸಕ್ಕರ್ ಮೀನು ಮಾರುತ್ತಾರಲ್ಲ, ಅದು ಒಂದಡಿ ದಾಟಿ ಬೆಳೆಯುತ್ತದೆ. ಜಾಗ ಸಾಲದೆ ಜನ ಕೆರೆಗೆ, ಹೊಳೆಗೆ ಬಿಡುತ್ತಾರೆ. ದೇಶದ ಎಷ್ಟೋ ಕೆರೆಗಳಲ್ಲಿ ಅದು ಈಗ ಬೇರೂರಿಬಿಟ್ಟಿದೆ. ಚಿಬ್ಬಲಗುಡ್ಡೆಯಲ್ಲಿ ದೇವರ ಮೀನು ಎಂದು ಮಂಡಕ್ಕಿ ಹಾಕಿ ಕೈಮುಗಿಯುವ ನಾವು, ಅದೇ ತುಂಗೆಗೆ ಇದನ್ನು ಬಿಡಬಾರದು. ಬ್ರಿಸಲ್‌ನೋಸ್ ಐದಿಂಚಿಗೆ ನಿಲ್ಲುತ್ತದೆ. ಅದಕ್ಕೇ ನಾನು ಅದನ್ನು ಆರಿಸಿಕೊಂಡದ್ದು.

ಫೆಬ್ರವರಿ 16

ಸಂಜೆ ಲೈಟ್ ಆರಿಸಿ ಮೀನು ಬಿಟ್ಟೆ. ಬಕೆಟ್ ನೀರಿಗೆ ಒಂದು ಗಂಟೆ ಸ್ವಲ್ಪ ಸ್ವಲ್ಪ ಹೊಸ ನೀರು ಸೇರಿಸಿ, ಆಮೇಲೆ. ಏಳೂ ಮೀನು ಬೇರಿನ ಅಡಿಗೆ ಹೋದವು. ಒಂದೂ ಕಾಣುತ್ತಿಲ್ಲ.

ಫೆಬ್ರವರಿ 20

ಮಧ್ಯಾಹ್ನ ಮೂರು ಗಂಟೆ. ಹಗಲು! ಐದೂ ಕೋರಿಗಳು ಬಲಗಡೆ ಮರಳಿನ ಮೇಲೆ ಸಾಲಾಗಿ ಹೊರಟವು. ಕಣ್ಣಿನವರೆಗೂ ಮೂತಿ ಹೂತು, ಕಿವಿರಿನಿಂದ ಮರಳು ಉದುರಿಸುತ್ತಾ. ನಾನು ಹತ್ತಿರ ಹೋದೆ. ಬೇರಿನ ಅಡಿಗೆ ಸರಿದವು, ನಿಮಿಷದಲ್ಲಿ ಮತ್ತೆ ಬಂದವು. ಎರಡು ವರ್ಷ ಸಾಕಿದ್ದೇನೆ, ಹಗಲಲ್ಲಿ ಇವುಗಳನ್ನು ಹೀಗೆ ನೋಡಿರಲಿಲ್ಲ. ಓಡಿಹೋಗಲು ಜಾಗ ಇದೆ ಅಂತ ಗೊತ್ತಾದ ಮೇಲೆ ಹೊರಗೆ ಬರಲು ಧೈರ್ಯ ಬಂದಿದೆ. ಆಗಾಗ ಒಂದೊಂದು ಬಾಣದ ಹಾಗೆ ಮೇಲೆ ಹೋಗಿ ಗಾಳಿ ನುಂಗಿ ಇಳಿಯುತ್ತದೆ. ಇವು ಕರುಳಿನಿಂದಲೂ ಉಸಿರಾಡುತ್ತವೆ. ಮಗಳು ಎಣಿಸುತ್ತಾ ಕೂತಿದ್ದಳು.

ಬಿಳಿ ಲೋಳೆ ಪೂರ್ತಿ ಮಾಯ. ಬ್ರಿಸಲ್‌ನೋಸ್ ಜೋಡಿ ನಾಲ್ಕೇ ದಿನದಲ್ಲಿ ಕೆರೆದು ತಿಂದಿವೆ.

ಮಾರ್ಚ್ 9

ಸೆಕೆ ಶುರುವಾಗಿದೆ. ನೀರು 29 ಡಿಗ್ರಿ. ಇವಕ್ಕೆ 26ರ ಒಳಗಿದ್ದರೆ ಒಳ್ಳೆಯದು. ಮುಚ್ಚಳದ ಒಂದು ಪಕ್ಕ ತೆಗೆದು ನೀರಿನ ಮೇಲೆ ಸಣ್ಣ ಫ್ಯಾನ್ ಇಟ್ಟೆ. ಎರಡು ಡಿಗ್ರಿ ಇಳಿಯಿತು. ಆವಿಯಾದಷ್ಟು ನೀರು ದಿನಾ ತುಂಬಬೇಕು. ಮೀಸೆ ಮೊಂಡಾಗಿದ್ದ ಎರಡು ಕೋರಿಗಳಿಗೆ ಎಳೆ ತುದಿ ಮೂಡುತ್ತಿದೆ. ಇನ್ನು ಮೂರು ಕೋರಿ ತಂದು ಗುಂಪು ದೊಡ್ಡದು ಮಾಡಬೇಕು.

ಗಂಡು ಬ್ರಿಸಲ್‌ನೋಸ್ ಮೂರು ದಿನದಿಂದ ಪೊಟರೆ ಬಿಟ್ಟು ಹೊರಗೆ ಬಂದಿಲ್ಲ. ಬಾಲ ಬಾಗಿಲ ಕಡೆಗಿದೆ. ಈಜುರೆಕ್ಕೆಯಿಂದ ಒಳಗೆ ಗಾಳಿ ಬೀಸಿದ ಹಾಗೆ ನೀರು ಬೀಸುತ್ತಿದೆ. ಮೊಟ್ಟೆ ಇದ್ದರೆ ಗಂಡೇ ಕಾಯುವುದು, ಹೀಗೇ ಬೀಸುವುದು. ಸೌತೆಕಾಯಿ ಹೋಳನ್ನು ಬಾಗಿಲಿಗೇ ತಂದಿಟ್ಟರೂ ತಿರುಗಿ ನೋಡಲಿಲ್ಲ.

ಟಾರ್ಚ್ ಹಾಕಿ ನೋಡೋಣ ಅಂತ ಮಗಳು ಎರಡು ಸಲ ಕೇಳಿದಳು. ಬೇಡ ಅಂದೆ. ಈಗ ಇಬ್ಬರೂ ಕತ್ತಲಲ್ಲಿ ನೆಲದ ಮೇಲೆ ಕೂತಿದ್ದೇವೆ.